ತುಂಬಿದವರೊಬ್ಬರು, ಎಳೆದವರೊಬ್ಬರು

ಟ್ರೇಲರ್ ಮಗುಚಿದಾಗ ಓಡಿಬರುವ ಜನ ಮೊದಲು ನೋಡುವುದು ಡ್ರೈವರಿನ ಮುಖವನ್ನು. ಅವನ ಕಣ್ಣು ಕೆಂಪಗಿದೆಯೇ, ಬಾಯಿ ವಾಸನೆ ಬರುತ್ತಿದೆಯೇ, ಫೋನಿನಲ್ಲಿ ಮಾತಾಡುತ್ತಿದ್ದನೇ, ಎಷ್ಟು ಸ್ಪೀಡಿನಲ್ಲಿದ್ದ? ಈ ವಿಚಾರಣೆ ಮುಗಿಯುವ ಹೊತ್ತಿಗೆ ಚೆಲ್ಲಿದ ಸಾಮಾನನ್ನು ಯಾರೋ ಪುಣ್ಯಾತ್ಮರು ಎತ್ತಿ ಬದಿಗಿಟ್ಟಿರುತ್ತಾರೆ. ಯಾವುದು ಮುಂದಿತ್ತು, ಯಾವುದು ಹಿಂದಿತ್ತು ಎಂದು ಆಮೇಲೆ ದೇವರಿಗೂ ಗೊತ್ತಾಗುವುದಿಲ್ಲ. ಮಲ್ಲಂದೂರಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತನಾಲ್ಕು ವರ್ಷ ಟ್ರ್ಯಾಕ್ಟರ್ ಓಡಿಸಿ ನಿವೃತ್ತನಾದ ನಾನು ಕಂಡುಕೊಂಡದ್ದು ಇಷ್ಟೇ. ಗಾಡಿ ಮಗುಚುವುದು ತುಂಬಿದ ರೀತಿಯಿಂದ, ಬೈಸಿಕೊಳ್ಳುವುದು ಎಳೆದವನು.

ಈ ಮುದಿ ವಯಸ್ಸಿನಲ್ಲಿ ಪೆನ್ನು ಹಿಡಿಯಲು ಕಾರಣವಿದೆ. ಹೋದ ತಿಂಗಳು ನಮ್ಮ ಎಸ್ಟೇಟಿನ ಧಣಿ ಗೌಡರ ಕ್ಯಾರವಾನು ದೇವರಮನೆ ಗುಡ್ಡದಿಂದ ಇಳಿಯುವಾಗ ರಸ್ತೆ ಬದಿಯ ದರೆಗೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆಗೆ, ಹೋಗಿ ಒರಗಿಕೊಂಡಿತು. ಕ್ಯಾರವಾನು ಎಂದರೆ ಮಂಚ, ಅಡುಗೆಕಟ್ಟೆ, ಕಕ್ಕಸು ಎಲ್ಲ ಇರುವ ಚಕ್ರದ ಮೇಲಿನ ಮನೆ. ಅದಕ್ಕೆ ಸ್ವಂತ ಎಂಜಿನ್ನಿಲ್ಲ. ಪಿಕಪ್ಪಿನ ಹಿಂದೆ ಕೊಂಡಿ ಹಾಕಿ ಎಳೆಯಬೇಕು. ಎಳೆಯುತ್ತಿದ್ದವಳು ಶಿಲ್ಪಾ. ನಾನು ಬಿಟ್ಟ ಕೆಲಸಕ್ಕೆ ಬಂದವಳು, ಮೂವತ್ತರ ಆಸುಪಾಸಿನ ಹೆಂಗಸು, ನಮ್ಮ ಕಡೆ ಎಸ್ಟೇಟಿನಲ್ಲಿ ಸ್ಟಿಯರಿಂಗ್ ಹಿಡಿದ ಮೊದಲ ಹೆಣ್ಣು. ಒಳಗೆ ಯಾರೂ ಇರಲಿಲ್ಲವಾಗಿ ಜೀವಹಾನಿ ಆಗಲಿಲ್ಲ. ಆದರೆ ಹಿಂದೆ ಕಾರಿನಲ್ಲಿ ಬರುತ್ತಿದ್ದ ಹೋಂಸ್ಟೇ ಅತಿಥಿಗಳು ಎಲ್ಲವನ್ನೂ ಕಂಡು, ಎಸ್ಟೇಟಿನ ಹೆಸರು ಹಿಡಿದು ಇಂಟರ್ನೆಟ್ಟಿನಲ್ಲಿ ಉಗಿದು ಬರೆದರು.

ಮೂರನೆಯ ದಿನ ಗೌಡರೇ ನನ್ನ ಮನೆ ಜಗಲಿಗೆ ಬಂದು ಕೂತರು. ಮೂವತ್ತನಾಲ್ಕು ವರ್ಷದಲ್ಲಿ ಬಾರದವರು ಬಂದಿದ್ದಾರೆಂದರೆ ಏನೋ ಭಾರ ಇಳಿಸಲಿಕ್ಕೇ ಇರಬೇಕು ಎಂದುಕೊಂಡೆ.

“ಮಂಜಯ್ಯ, ಅರ್ಧ ಪೇಜು ಬರ್ಕೊಡು ಮಾರಾಯ” ಎಂದರು. “ಡ್ರೈವರು ಸ್ಪೀಡಾಗಿ ಬಂದಿದ್ಕೇ ಹಿಂಗಾಯ್ತು ಅಂತ. ನಿನ್ ಸರ್ವೀಸು ಎಲ್ರಿಗೂ ಗೊತ್ತು, ನೀನ್ ಹೇಳಿದ್ರೆ ಯಾರೂ ಇಲ್ಲ ಅನ್ನಲ್ಲ. ಅದನ್ನ ಅವ್ರಿಗೆ ತೋರ್ಸಿ, ಡ್ರೈವರನ್ನ ತೆಗ್ದಿದೀವಿ ಅಂತ ಹಾಕಿಬಿಡ್ತೀನಿ. ಅಲ್ಲಿಗೆ ಮುಗೀತು.”

ಅವಳಿಗೂ ಅಲ್ಲಿಗೇ ಮುಗಿಯುತ್ತಿತ್ತು. ಹಳೇ ಡ್ರೈವರೇ ಹೀಗೆ ಬರೆದುಕೊಟ್ಟ ಮೇಲೆ ಈ ತಾಲ್ಲೂಕಿನ ಯಾವ ಎಸ್ಟೇಟಿನವರೂ ಅವಳ ಕೈಗೆ ಕೀ ಕೊಡುವುದಿಲ್ಲ. ಹೆಂಗಸು ಎಂದು ಮೂಗು ಮುರಿಯುವವರಿಗಂತೂ ಹಬ್ಬ. ನಾನು, “ಎರಡು ದಿನ ಟೈಮ್ ಕೊಡಿ ಗೌಡ್ರೇ” ಎಂದೆ. ಅಲ್ಲೇ ಆಗುವುದಿಲ್ಲ ಎನ್ನಲು ಯಾಕೆ ಆಗಲಿಲ್ಲ ಎಂಬುದು ಗೊತ್ತಾಗಬೇಕಾದರೆ ಹಳೆಯ ಒಂದಿಷ್ಟು ಸಂಗತಿ ಹೇಳಬೇಕು. ಹೊಸದಾಗಿ ಈ ಕೆಲಸಕ್ಕೆ ಬರುವವರು ಸಾವಧಾನವಾಗಿ ಓದಿಕೊಳ್ಳಿ. ಲೈಸೆನ್ಸ್ ಕೊಡುವ ಕಚೇರಿಯಲ್ಲಿ ಇದನ್ನು ಕೇಳುವುದಿಲ್ಲ.

ನನ್ನ ಅಪ್ಪ ಗಾಡಿ ಹೊಡೆಯುತ್ತಿದ್ದ. ಎತ್ತಿನ ಗಾಡಿಗೆ ಮುಂದಕ್ಕೆ ಚಾಚಿದ ಉದ್ದನೆಯ ಮರಕ್ಕೆ ಮೂಕಿ ಎನ್ನುತ್ತಾರೆ. ಅದರ ತುದಿಗೆ ನೊಗ. ಗಾಡಿಯ ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆಗೆ ಕಟ್ಟಿದ ಹಗ್ಗ ಗಂಟಲು ಹಿಸುಕುತ್ತದೆ. ಮುಂದೆ ಹೆಚ್ಚಾದರೆ ನೊಗ ಹೆಗಲಿನ ಮೇಲೆ ಕೂತು ಎತ್ತು ಮಂಡಿಯೂರುತ್ತದೆ. ಆದ್ದರಿಂದ ಅಪ್ಪ ಎತ್ತು ಕಟ್ಟುವ ಮೊದಲು ಮೂಕಿ ಹಿಡಿದು ಒಮ್ಮೆ ಎತ್ತಿ ನೋಡುತ್ತಿದ್ದ. ಒಂದೇ ಕೈಗೆ ಎದ್ದುಬಂದರೆ ತುಂಬಿದವನಿಗೆ ಅಲ್ಲೇ ಬೈಗುಳ. ತಿಣುಕಿದರೆ ಎದ್ದೀತು ಎನ್ನುವಷ್ಟು ಮುಂಭಾರ ಇರಬೇಕು, ಅಷ್ಟೇ. ಎತ್ತು ಸತ್ತು ಟ್ರ್ಯಾಕ್ಟರು ಬಂತು. ಟ್ರೇಲರನ್ನು ಎಳೆಯಲು ಮುಂದಕ್ಕೆ ಚಾಚಿದ ಕಬ್ಬಿಣದ ದಂಡವನ್ನೂ ನಾವು ಮೂಕಿ ಎಂದೇ ಕರೆದೆವು. ಟ್ರ್ಯಾಕ್ಟರು ಬಂದು ಹಾಳಾದದ್ದು ಏನೆಂದರೆ, ಗಂಟಲು ಹಿಸುಕಿದರೂ ಅದು ಬಾಯಿ ಬಿಡುವುದಿಲ್ಲ. ಎತ್ತು ಒದರುತ್ತಿತ್ತು, ಮಲಗಿಬಿಡುತ್ತಿತ್ತು. ಟ್ರ್ಯಾಕ್ಟರು ಸುಮ್ಮನೆ ಹಿಂದಿನ ಗಾಲಿಯ ಹಿಡಿತ ಕಳೆದುಕೊಂಡು ಹೊಂಡಕ್ಕೆ ಹೋಗುತ್ತದೆ.

ಗಾಲಿಗಳ ನಡುವಿನ ಅಚ್ಚಿನ ಮೇಲೆ, ತಳಕ್ಕೆ ತಾಗಿದಂತೆ ಭಾರದ್ದು, ಅದರಿಂದ ತುಸು ಮುಂದಕ್ಕೆ ಉಳಿದ ಭಾರ, ತುದಿಗಳಲ್ಲಿ ಮತ್ತು ಮೇಲೆ ಹಗುರದ್ದು, ಎಡಬಲ ಸಮ. ಇದಿಷ್ಟೇ ವಿದ್ಯೆ. ಇದನ್ನು ಕಲಿಯಲು ಒಂದು ಬೆಳಗ್ಗೆ ಸಾಕು. ಧಣಿಗಳಿಗೆ ಕಲಿಸಲು ಮೂವತ್ತನಾಲ್ಕು ವರ್ಷ ಸಾಲಲಿಲ್ಲ.

ಸಿಲ್ವರ್ ಓಕ್ ಮರ ಸಾಗಿಸುವುದನ್ನೇ ನೋಡಿ. ಟ್ರೇಲರಿಗಿಂತ ದಿಮ್ಮಿ ಉದ್ದವಾದರೆ ಹಿಂದಕ್ಕೆ ಮಾರುದ್ದ ಚಾಚಿ, ತುದಿಗೆ ಒಂದು ಕೆಂಪು ಬಟ್ಟೆ ಕಟ್ಟುವುದು ನಮ್ಮಲ್ಲಿ ಪದ್ಧತಿ. ಬಟ್ಟೆ ಕಟ್ಟಿದ ಕೂಡಲೇ ದಿಮ್ಮಿ ಹಗುರವಾಗುತ್ತದೆ ಎಂದು ಎಲ್ಲರೂ ನಂಬಿದ್ದರು. ಒಮ್ಮೆ ಹಾಗೆ ತುಂಬಿದ ಟ್ರೇಲರನ್ನು ಎಸ್ಟೇಟ್ ಗೇಟಿನ ಏರಿನಲ್ಲಿ ಎಳೆಯುವಾಗ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳು ಇದ್ದಲ್ಲೇ ಗಿರಗಿರ ತಿರುಗಿ ಕೆಸರು ಎರಚಿದವು. ಮೂಕಿ ಟ್ರ್ಯಾಕ್ಟರಿನ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತಿತ್ತು. ಬಿಳಿ ಪಂಚೆಯಲ್ಲಿ ಹಿಂದೆಯೇ ನಿಂತು “ಗೇರ್ ಹಾಕೋ, ಗೇರ್ ಹಾಕೋ” ಎನ್ನುತ್ತಿದ್ದ ಗೌಡರ ಮೇಲೆ ಬಿದ್ದ ಕೆಸರಿಗೆ ಲೆಕ್ಕವಿಲ್ಲ. ನಾನು ಗೇರ್ ಹಾಕಿದ್ದೆ. ಹಾಕಿದ್ದರಿಂದಲೇ ಕೆಸರು ಅಷ್ಟು ದೂರ ಹೋಯಿತು. ಸಂಜೆ ನನಗೆ “ಕ್ಲಚ್ ಬಿಡಲು ಬರುವುದಿಲ್ಲ” ಎಂಬ ಸರ್ಟಿಫಿಕೇಟ್ ಸಿಕ್ಕಿತು.

ನೀರಿನ ಟ್ಯಾಂಕಿನದು ಇನ್ನೊಂದು ತಮಾಷೆ. ಬೇಸಿಗೆಯಲ್ಲಿ ಕಾಫಿ ಹೂ ಬಿಡಿಸುವ ಹೂಮಳೆ ಕೈಕೊಟ್ಟಾಗ ಸಣ್ಣ ಗಿಡಗಳಿಗೆ ಟ್ಯಾಂಕಿನಲ್ಲಿ ನೀರು ಹೊರುತ್ತಿದ್ದೆವು. ಇಳಿಜಾರಿನಲ್ಲಿ ತುಂಬಿದ ಟ್ಯಾಂಕು ಅಪಾಯ, ಅರ್ಧವೇ ತುಂಬಿಸಿ ಎಂದು ಗೌಡರ ಅಪ್ಪಣೆಯಾಯಿತು. ಕೇಳಲು ಎಷ್ಟು ಬುದ್ಧಿವಂತಿಕೆ! ಅರ್ಧ ಟ್ಯಾಂಕಿನ ನೀರು ತಿರುವಿನಲ್ಲಿ ನಮ್ಮ ಜೊತೆ ತಿರುಗುವುದಿಲ್ಲ. ಅದು ತನಗೆ ಬೇಕಾದ ಕಡೆ ಹೋಗುತ್ತದೆ, ಗಾಡಿಯನ್ನೂ ಕರೆದುಕೊಂಡು ಹೋಗುತ್ತದೆ. ಬ್ರೇಕ್ ಹಾಕಿದರೆ ಮುಂದಕ್ಕೆ ನುಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಬಡಿಯುತ್ತದೆ. ಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ. ಆ ವರ್ಷ ಟ್ಯಾಂಕು ಎರಡು ಸಲ ಕಾಫಿ ಗಿಡಗಳ ಮೇಲೆ ಮಲಗಿ ತಾನೇ ನೀರು ಹಾಯಿಸಿತು.

ನಡುವೆ ಒಬ್ಬರು ಮ್ಯಾನೇಜರು ಬಂದಿದ್ದರು. ಸಣಕಲು ಮನುಷ್ಯ, ಜೇಬಿನಲ್ಲಿ ಯಾವಾಗಲೂ ಸೀಮೆಸುಣ್ಣ. ಟ್ರೇಲರಿನ ಒಳಗೆ ಅಚ್ಚು ಇರುವ ಜಾಗಕ್ಕೆ ಗೆರೆ ಎಳೆದು, “ಮಂಜಯ್ಯ, ಈ ಗೆರೆ ಮುಂದೆ ಸ್ವಲ್ಪ ಜಾಸ್ತಿ, ಹಿಂದೆ ಕಮ್ಮಿ. ಮೂಕಿ ಮೇಲೆ ಒಟ್ಟು ಭಾರದ ಹತ್ತರಲ್ಲಿ ಒಂದು ಪಾಲಿನ ಹತ್ರ ಹತ್ರ ಇರ್ಬೇಕು” ಎಂದರು. ನನ್ನ ಅಪ್ಪ ಕೈಯಲ್ಲಿ ಹೇಳಿದ್ದನ್ನು ಅವರು ಲೆಕ್ಕದಲ್ಲಿ ಹೇಳಿದರು. ಗೌಡರು ಅವರನ್ನು ‘ಇಸ್ಕೂಲ್ ಮೇಷ್ಟ್ರು’ ಎಂದು ಕರೆದು ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ. ಧಣಿ ನಕ್ಕಾಗ ನಗದಿದ್ದರೆ ಕೆಲಸ ಗೊತ್ತಿಲ್ಲ ಎಂದರ್ಥ. ಮುಂದಿನ ಮಳೆಗಾಲಕ್ಕೆ ಅವರು ಬೇರೆ ಎಸ್ಟೇಟಿಗೆ ಹೋದರು.

ಈಗ ಲೋಕಪ್ಪನ ವಿಷಯ. ಇದನ್ನು ಬರೆಯದೆ ದಾಟಿಬಿಡೋಣ ಎಂದು ಎರಡು ಸಲ ಹಾಳೆ ಹರಿದೆ.

ಕಾಫಿಯನ್ನು ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಒಯ್ದಾಗ ಅಲ್ಲಿಯವನೊಬ್ಬ ಚೂಪಾದ ಕೊಳವೆ ಹಿಡಿದು ಬರುತ್ತಾನೆ. ಟ್ರೇಲರಿನ ಹಿಂಬಾಗಿಲು ತೆಗೆಸಿ, ಕೈಗೆ ಸಿಕ್ಕ ಮೊದಲ ಚೀಲಗಳಿಗೆ ಚುಚ್ಚಿ ಬೀಜ ಅಂಗೈಗೆ ಸುರಿದು ನೋಡುತ್ತಾನೆ. ಅವನ ಮುಖ ಅರಳಿದರೆ ಗೌಡರ ಮುಖವೂ ಅರಳುತ್ತದೆ. ಆದ್ದರಿಂದ ನಮ್ಮ ಗೌಡರದ್ದು ಕಟ್ಟಪ್ಪಣೆ: ಒಳ್ಳೆಯ, ಗಟ್ಟಿ ಕಾಳಿನ ಚೀಲಗಳೆಲ್ಲ ಹಿಂದೆ ಬಾಗಿಲ ಹತ್ತಿರ ಎರಡಾಳೆತ್ತರಕ್ಕೆ, ನೀರಿನಲ್ಲಿ ತೇಲಿದ ಜೊಳ್ಳು ಹಣ್ಣಿನ ಹಗುರ ಚೀಲಗಳು ಮುಂದೆ, ಮರೆಯಲ್ಲಿ. ಮದುವೆ ಮನೆಯಲ್ಲಿ ಚೆಂದದವರನ್ನು ಬಾಗಿಲಲ್ಲಿ ನಿಲ್ಲಿಸಿದ ಹಾಗೆ. ಗಾಡಿ ಯಾವ ಕಡೆ ಭಾರ ಕೇಳುತ್ತದೋ ಅದಕ್ಕೆ ಸರಿಯಾಗಿ ತಿರುಗುಮುರುಗು.

ನಾನು ಕೆಲಸಕ್ಕೆ ಸೇರಿ ಹತ್ತು ವರ್ಷವಾಗಿತ್ತು. ಲೋಕಪ್ಪ ಲೋಡಿಂಗ್ ಮೇಸ್ತ್ರಿ, ನನ್ನ ವಾರಿಗೆಯವನು. ಹಾಡು ಹೇಳುತ್ತಾ ಚೀಲ ಎತ್ತಿಸುತ್ತಿದ್ದವನು. ಅಂದು ಬೆಳಗ್ಗೆ ಕೊಂಡಿ ಹಾಕುವ ಮೊದಲು ಮೂಕಿ ಎತ್ತಿ ನೋಡಿದೆ. ಒಂದೇ ಕೈಗೆ ಬಂತು. ಲೋಕಪ್ಪನೂ ನೋಡಿದ. “ಮಂಜಣ್ಣ, ಅಯ್ಯನ್ಗೆ ಒಂದ್ ಮಾತು ಹೇಳು” ಎಂದ. ಗೌಡರು ಜಗಲಿಯಲ್ಲೇ ನಿಂತಿದ್ದರು. ನಾನು ಮಾತಾಡದೆ ಪಿನ್ನು ಹಾಕಿದೆ. ಲೋಕಪ್ಪ ರೂಢಿಯಂತೆ ಚೀಲಗಳ ಮೇಲೆ ಹತ್ತಿ ಕೂತ.

ಇಳಿಜಾರಿನಲ್ಲಿ ಟ್ರೇಲರು ಮೊದಲು ಸ್ವಲ್ಪ ಬಾಲ ಅಲ್ಲಾಡಿಸಿತು, ಆಮೇಲೆ ಇನ್ನೂ ಸ್ವಲ್ಪ. ಹಿಂಭಾರದ ಗಾಡಿ ಒಮ್ಮೆ ತೂಗಲು ಶುರುಮಾಡಿದರೆ ತೂಗು ಹೆಚ್ಚುತ್ತಲೇ ಹೋಗುತ್ತದೆ. ಹೆದರಿ ಬ್ರೇಕ್ ಒತ್ತಿದೆ. ಒತ್ತಬಾರದಾಗಿತ್ತು. ಟ್ರೇಲರು ತಿರುವಿನಲ್ಲಿ ಮಗುಚಿತು, ಲೋಕಪ್ಪನ ಬಲಗಾಲಿನ ಮೇಲೆ ಆರು ಚೀಲ ಒಳ್ಳೆಯ ಕಾಫಿ ಬಿತ್ತು.

ಮರುದಿನ ಗೌಡರು ಎಲ್ಲರೆದುರು ನನ್ನನ್ನು ಕೇಳಿದರು, “ಹಗ್ಗ ಸಡ್ಲ ಕಟ್ಟಿದ್ದ ಅಲ್ವೇನೋ ಲೋಕ?”

“ಹೌದಯ್ಯಾ” ಎಂದೆ.

ಹಗ್ಗ ಸಡಿಲವಿರಲಿಲ್ಲ. ಬಿದ್ದ ಚೀಲಗಳ ಮೇಲೂ ಗಂಟು ಬಿಗಿಯಾಗಿಯೇ ಇದ್ದುದನ್ನು ಬಿಚ್ಚಿದವನು ನಾನೇ. ಲೋಕಪ್ಪನ ಮೇಸ್ತ್ರಿಕೆ ಹೋಯಿತು, ಕಾಲು ಊನವಾಯಿತು, ಕಳಸದ ಹತ್ತಿರದ ತನ್ನ ಅಕ್ಕನ ಊರಿಗೆ ಹೊರಟುಹೋದ. ನನ್ನ ಕೆಲಸ ಉಳಿಯಿತು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ನಾಚಿಕೆಯಾಗುತ್ತಿತ್ತು, ಈಗಲೂ ಆಗುತ್ತದೆ.

ಆಮೇಲಾದರೂ ಬುದ್ಧಿ ಬಂತೇ? ಬಂತು, ಆದರೆ ಹೇಡಿಯ ಬುದ್ಧಿ. ಗೌಡರ ಎದುರು ಅವರು ಹೇಳಿದ ಹಾಗೇ ತುಂಬಿಸುವುದು. ಗೇಟು ದಾಟಿ, ಎರಡನೆಯ ತಿರುವಿನ ಹಲಸಿನ ಮರದ ಹತ್ತಿರ ನಿಲ್ಲಿಸಿ, ಆಳುಗಳ ಕೈಲಿ ಎಲ್ಲವನ್ನೂ ಇಳಿಸಿ ಸರಿಯಾಗಿ ಜೋಡಿಸುವುದು. ಊರು ಹತ್ತಿರವಾದ ಮೇಲೆ ಒಂದು ಬಯಲಲ್ಲಿ ನಿಂತು ಮತ್ತೆ ಗೌಡರ ರೀತಿಗೆ ತಿರುಗಿಸುವುದು. ಒಂದು ಮಾತು ಆಡುವ ಬದಲು ಐದು ಜನ ಒಂದೇ ಲೋಡನ್ನು ಮೂರು ಸಲ ತುಂಬುತ್ತಿದ್ದೆವು. ಹೀಗೆ ಇಪ್ಪತ್ತನಾಲ್ಕು ವರ್ಷ! ನಮಗಿದು ದೊಡ್ಡ ಜಾಣತನವೆಂದೇ ತೋರುತ್ತಿತ್ತು. ಮರದ ಬುಡದಲ್ಲಿ ಬೀಡಿ ಸೇದುತ್ತಾ ಗೌಡರನ್ನು ಅಣಕಿಸಿ ನಗುತ್ತಿದ್ದೆವು. ಅತ್ತ ಗೌಡರು ಪ್ರತಿ ವರ್ಷ ತಮ್ಮ ಲೋಡಿಂಗು ಸುಖವಾಗಿ ಊರು ತಲುಪುವುದನ್ನು ಕಂಡು, ಈ ವಿದ್ಯೆಯಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂದು ತೀರ್ಮಾನಿಸಿದ್ದರು.

ನಿವೃತ್ತಿಯ ದಿನ ಶಿಲ್ಪಾಳಿಗೆ ಕೀ ಕೊಟ್ಟೆ. ಎಣ್ಣೆ ಎಲ್ಲಿ ಸೋರುತ್ತದೆ, ಯಾವ ಗೇರು ಹಟ ಮಾಡುತ್ತದೆ ಎಲ್ಲ ಹೇಳಿದೆ. ಹಲಸಿನ ಮರದ ಬುಡದ ಗುಟ್ಟು ಮಾತ್ರ ಹೇಳಲಿಲ್ಲ. ಹೇಳಿದರೆ ಯಾಕೆ ಹಾಗೆ ಮಾಡುತ್ತಿದ್ದಿರಿ ಎಂದು ಕೇಳುತ್ತಾಳೆ, ಆಗ ಲೋಕಪ್ಪನವರೆಗೆ ಹೋಗಬೇಕಾಗುತ್ತದೆ.

ಅಷ್ಟರಲ್ಲಿ ಹೋಂಸ್ಟೇ ಕಾಲ ಬಂದು, ಕಾಫಿ ಒಣಗಿಸುವ ಕಣದ ಪಕ್ಕ ಬಣ್ಣದ ದೀಪ ಹತ್ತಿದವು. ಎಲ್ಲರ ಹತ್ತಿರವೂ ಹೋಂಸ್ಟೇ ಇರುವಾಗ ಗೌಡರಿಗೆ ಬೇರೆಯದೇ ಬೇಕಾಗಿ ಕ್ಯಾರವಾನು ತಂದರು. ಅದರ ಬಾಗಿಲು ಹಿಂದೆ. ಅತಿಥಿಗಳು ಬಾಗಿಲು ತೆಗೆದ ಕೂಡಲೇ ‘ಮಲೆನಾಡು’ ಕಾಣಿಸಬೇಕು ಎಂದು ಗೌಡರೇ ನಿಂತು ಜೋಡಿಸಿದರು. ಬಾಗಿಲ ಹತ್ತಿರ ಗ್ರಾನೈಟ್ ಹಾಸಿದ ಅಡುಗೆಕಟ್ಟೆ. ಅದರ ಮೇಲೆ ಕಾಫಿ ಹುರಿಯುವ ಕಬ್ಬಿಣದ ಡಬರಿ, ಹಿತ್ತಾಳೆ ಹಂಡೆ ಮತ್ತು ಒಂದು ಒರಳು ಕಲ್ಲು. ಅತಿಥಿಗಳಲ್ಲಿ ಯಾರೂ ರುಬ್ಬಲಿಲ್ಲ. ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಹೊರಗೆ ಹಿಂಬದಿಗೆ ತೂಗು ಹಾಕಿದ್ದು ಜನರೇಟರು, ಎರಡು ಗ್ಯಾಸ್ ಸಿಲಿಂಡರು, ಎರಡು ಸೈಕಲ್ಲು. ಛಾವಣಿಯ ಮೇಲೆ ಮೇಜು ಕುರ್ಚಿ. ನೀರಿನ ಟ್ಯಾಂಕು ಅರ್ಧ. ಕುಲುಕಾಟ ಕಡಿಮೆಯಾಗಲಿ ಎಂದು ಟೈರಿನ ಗಾಳಿಯನ್ನೂ ಸ್ವಲ್ಪ ಇಳಿಸಿದ್ದರು. ಮುಂದೆ, ಮೂಕಿಯ ಕಡೆ ಇಟ್ಟದ್ದು ದಿಂಬು, ಕಂಬಳಿ, ಛತ್ರಿ. ತಪ್ಪುಗಳ ವಸ್ತುಪ್ರದರ್ಶನ ಏರ್ಪಡಿಸಿದ್ದರೆ ಇದಕ್ಕೇ ಮೊದಲ ಬಹುಮಾನ.

ಶಿಲ್ಪಾ ಬಾಯಿಬಿಟ್ಟು ಹೇಳಿದ್ದಳಂತೆ, “ಹಿಂದೆ ಭಾರ ಜಾಸ್ತಿ ಆಯ್ತು ಸಾರ್” ಎಂದು. ನಾನು ಒಂದು ಸಲವೂ ಆಡದ ಮಾತು ಅದು. ಗೌಡರ ಉತ್ತರ ಸಿದ್ಧವಿತ್ತು: “ನೀನ್ ಓಡ್ಸು ಸಾಕು. ಲೋಡಿಂಗು ನಾನು ನಲವತ್ತು ವರ್ಷದಿಂದ ಮಾಡ್ಸಿದೀನಿ, ಮಂಜಯ್ಯನ್ನ ಕೇಳು.”

ದೇವರಮನೆಯ ಇಳಿಜಾರಿನಲ್ಲಿ ಕ್ಯಾರವಾನು ತೂಗಲು ಶುರುಮಾಡಿದಾಗ ಅವಳು ನನ್ನ ಹಾಗೆ ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ಗಾಡಿ ತಾನಾಗಿ ನಿಧಾನವಾಗುತ್ತಾ ಬಂದಂತೆ ದರೆಯ ಕಡೆಗೆ ತಂದು ಒರಗಿಸಿದಳು. ಇನ್ನೊಂದು ಕಡೆ ಕಣಿವೆ. ಒಂದು ಚಕ್ರ ಮುರಿದು, ಒಂದು ಮಗ್ಗುಲು ನಜ್ಜುಗುಜ್ಜಾಯಿತು. ಅದನ್ನು ಸ್ಪೀಡು ಎನ್ನುತ್ತಾರೆ ಗೌಡರು.

ಕೇಳಿದ ಎರಡು ದಿನ ಮುಗಿದ ಮೇಲೆ ಎಸ್ಟೇಟಿಗೆ ಹೋದೆ. ಚಕ್ರ ರಿಪೇರಿಯಾಗಿ ಕ್ಯಾರವಾನು ಕಣದಲ್ಲಿ ನಿಂತಿತ್ತು. ದೂರದಲ್ಲಿ ಶಿಲ್ಪಾ ಕೈಕಟ್ಟಿ ನಿಂತಿದ್ದಳು. ಲೆಕ್ಕ ಮುಗಿಸಿಕೊಂಡು ಹೋಗು ಎಂದು ಕರೆಸಿದ್ದರಂತೆ. ನಾನು ಗೌಡರಿಗೆ ಕೈಮುಗಿದು, “ಬರ್ಯಕ್ಕೆ ಮುಂಚೆ ಒಂದ್ಸಲ ಅವತ್ತಿದ್ದಂಗೇ ಎಲ್ಲ ಜೋಡ್ಸಿ ನೋಡ್ಬೇಕು ಗೌಡ್ರೇ. ನಾಳೆ ಯಾರಾದ್ರೂ ಕೇಳಿದ್ರೆ ನೋಡಿದೀನಿ ಅನ್ಬೇಕಲ್ಲ” ಎಂದೆ.

ಗೌಡರಿಗೆ ಬಲು ಖುಷಿಯಾಯಿತು. ತಮ್ಮ ವಿದ್ಯೆ ತೋರಿಸುವ ಅವಕಾಶವನ್ನು ಅವರು ಎಂದೂ ಬಿಟ್ಟವರಲ್ಲ. ಪಂಚೆ ಎತ್ತಿ ಕಟ್ಟಿ, “ಅದು ಇಲ್ಲಿಗೆ, ಇದು ಅಲ್ಲಿಗೆ” ಎಂದು ಆಳುಗಳ ಕೈಲಿ ಒಂದೊಂದನ್ನೇ ಇಡಿಸಿದರು. ನಾನು ಕಾಫಿ ಹಣ್ಣು ತೂಗುವ, ನೆಲದ ಮೇಲಿಡುವ ಮುಳ್ಳಿನ ತಕ್ಕಡಿಯನ್ನು ಗೋದಾಮಿನಿಂದ ತರಿಸಿ ಮೂಕಿಯ ಕೆಳಗಿನ ಸಣ್ಣ ಚಕ್ರವನ್ನು ಅದರ ಮೇಲೆ ನಿಲ್ಲಿಸಿದೆ. ಖಾಲಿ ಇದ್ದಾಗ ಮುಳ್ಳು ಒಳ್ಳೆಯ ಭಾರ ತೋರಿಸುತ್ತಿತ್ತು. ಗ್ಯಾಸ್ ಸಿಲಿಂಡರು ಬಂತು, ಮುಳ್ಳು ಇಳಿಯಿತು. ಜನರೇಟರು ಬಂತು, ಇನ್ನೂ ಇಳಿಯಿತು. ಹಂಡೆ, ಡಬರಿ, ಸೈಕಲ್ಲುಗಳು ಏರಿದ ಮೇಲೆ ಮುಳ್ಳು ಒಂದು ನಾಯಿಮರಿಯ ತೂಕಕ್ಕೆ ಬಂದು ನಿಂತಿತು. ಆಳುಗಳು ತಕ್ಕಡಿಯನ್ನೇ ನೋಡುತ್ತಿದ್ದರು. ಒರಳು ಕಲ್ಲೊಂದು ಬಾಕಿ.

“ಅದ್ನ ನಾನೇ ತೋರ್ಸ್ತೀನಿ, ನಿಮ್ಗೆ ಜಾಗ ಗೊತ್ತಾಗಲ್ಲ” ಎಂದು ಗೌಡರು ಒಳಗೆ ಹತ್ತಿದರು. ಇಬ್ಬರು ಆಳುಗಳು ಹೊರಗಿನಿಂದಲೇ ಕಲ್ಲನ್ನು ಎತ್ತಿ ಕಟ್ಟೆಯ ಮೇಲಿಟ್ಟು ಕೈಬಿಟ್ಟರು.

ಮೂಕಿ ನಿಧಾನವಾಗಿ ತಕ್ಕಡಿ ಬಿಟ್ಟು ಮೇಲೆದ್ದಿತು. ಅವಸರವೇ ಇಲ್ಲ. ಹಿಂಬದಿ ಅಷ್ಟೇ ನಿಧಾನವಾಗಿ ಹೋಗಿ ನೆಲಕ್ಕೆ ಕೂತಿತು. ಒಳಗೆ ದಿಂಬು, ಕಂಬಳಿ, ಛತ್ರಿ ಎಲ್ಲ ಜಾರಿ ಗೌಡರ ಮೇಲೆ ಬಂದವು. ಬಾಗಿಲಿನಲ್ಲಿ ಅವರು ಒರಳು ಕಲ್ಲನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತಿದ್ದು ಕಂಡಿತು. “ಹಿಡೀರೋ, ಹಿಡೀರೋ” ಎಂದು ಕೂಗಿದರು. ಶಿಲ್ಪಾ ಓಡಿಬಂದು ಮೂಕಿಗೆ ಜೋತುಬಿದ್ದಳು, ನಾನೂ ಬಿದ್ದೆ. ಗಾಡಿ ಸಮಕ್ಕೆ ಬಂತು. ಗೌಡರಿಗೆ ಪೆಟ್ಟಾಗಿರಲಿಲ್ಲ. ಯಾರೂ ನಗಲಿಲ್ಲ. ನಗದೆ ಇರಲು ಅಷ್ಟೊಂದು ಜನ ಅಷ್ಟೊಂದು ಕಷ್ಟಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗೌಡರು ಇಳಿದು ಪಂಚೆ ಕೊಡವಿಕೊಂಡರು. ಆಮೇಲೆ, “ಆಯ್ತು ಬಿಡು, ಶಿಲ್ಪನ ತಪ್ಪಲ್ಲ. ಗಾಡಿ ಮಾಡಿದೋನೇ ಸರಿ ಮಾಡಿಲ್ಲ. ಹಂಗಂತ ಬರ್ಕೊಡು ಮಂಜಯ್ಯ” ಎಂದರು.

ನೋಡಿ, ಇನ್ನೊಬ್ಬ ಸಿಕ್ಕಿಬಿಟ್ಟ! ‘ಹೌದಯ್ಯಾ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಅಭ್ಯಾಸಬಲ. ಪಕ್ಕದಲ್ಲಿ ಶಿಲ್ಪಾ ಇನ್ನೂ ಮೂಕಿ ಹಿಡಿದೇ ನಿಂತಿದ್ದಳು.

“ಗಾಡಿ ಮಾಡಿದೋನ್ದಲ್ಲ ಗೌಡ್ರೇ, ತುಂಬ್ಸಿದೋರ್ದು. ಅದ್ಕಿಂತ ಜಾಸ್ತಿ ನಂದು” ಎಂದೆ. “ನೀವು ತುಂಬ್ಸಿದಂಗೆ ಇಪ್ಪತ್ನಾಲ್ಕ್ ವರ್ಷದಲ್ಲಿ ಒಂದ್ ದಿನಾನೂ ನಾನ್ ಎಳ್ದಿಲ್ಲ. ಗೇಟ್ ದಾಟಿ ಎಲ್ಲ ಇಳ್ಸಿ ಬೇರೆ ಥರ ತುಂಬ್ತಿದ್ವಿ. ಲೋಕಪ್ಪ ಹಗ್ಗ ಸಡ್ಲ ಕಟ್ಟಿರ್ಲಿಲ್ಲ. ನಾನು ಸುಳ್ಳು ಹೇಳ್ದೆ.”

ಗೌಡರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. “ಅದೆಲ್ಲ ಈಗ್ಯಾಕೆ ಮಾರಾಯ?” ಎಂದರು. ಕೋಪ ಇರಲಿಲ್ಲ, ನಿಜವಾಗಿಯೇ ಅರ್ಥವಾಗಿರಲಿಲ್ಲ.

ಶಿಲ್ಪಾ ನನ್ನ ಕಡೆ ತಿರುಗಿ, “ಮಂಜಣ್ಣ, ಇದು ನಂಗೆ ಕೀ ಕೊಟ್ಟ ದಿನಾನೇ ಗೊತ್ತಿತ್ತಾ ನಿಮ್ಗೆ?” ಎಂದಳು. ತಲೆಯಾಡಿಸಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೌಡರಿಗೆ ಮಾತ್ರ ಸ್ಪಷ್ಟವಾಗಿ ಹೇಳಿದಳು: “ಇನ್ಮೇಲೆ ಲೋಡಿಂಗ್ ನಾನೇ ನಿಂತು ಮಾಡಿಸ್ತೀನಿ ಸಾರ್. ಮೂಕಿ ತೂಗಿ ಸರಿ ಇದ್ರೆ ಎಳೀತೀನಿ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ.” ಗೌಡರು ಒರಳು ಕಲ್ಲನ್ನು ನೋಡುತ್ತಾ “ಆಯ್ತು” ಎಂದರು. ಅವಳ ಕೆಲಸ ಉಳಿಯಿತು. ಅತಿಥಿಗಳಿಗೆ ಕೊನೆಗೆ ಏನು ಬರೆದು ಹಾಕಿದರೋ ಗೊತ್ತಿಲ್ಲ. ಈಗ ಬಂದವರಿಗೆಲ್ಲ ತಕ್ಕಡಿ ತೋರಿಸಿ ಮೂಕಿಭಾರದ ಪಾಠವನ್ನು ಗೌಡರೇ ಮಾಡುತ್ತಾರಂತೆ. ಅವರೇ ಕಂಡುಹಿಡಿದದ್ದಂತೆ.

ಅದಾದ ವಾರಕ್ಕೆ ಬಸ್ಸು ಹತ್ತಿ ಕಳಸಕ್ಕೆ ಹೋದೆ. ಲೋಕಪ್ಪ ಮನೆ ಮುಂದೆ ಕೂತು ಕಾಳುಮೆಣಸು ಬಿಡಿಸುತ್ತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು. ಗುರುತು ಹಿಡಿದು ಮಣೆ ಕೊಟ್ಟ. ನಾನು ಕೂರುವ ಮೊದಲೇ ಎಲ್ಲವನ್ನೂ ಒದರಿಬಿಟ್ಟೆ: ಹಗ್ಗ, ಹೌದಯ್ಯಾ, ಶಿಲ್ಪಾಳ ಕ್ಯಾರವಾನು, ಎಲ್ಲರೆದುರು ಈಗ ಹೇಳಿದ್ದು.

“ಆ ಹುಡ್ಗಿ ಕೆಲ್ಸ ಉಳೀತಾ?” ಎಂದು ಕೇಳಿದ.

“ಉಳೀತು.”

“ಒಳ್ಳೇದಾಯ್ತು” ಎಂದು ಒಂದು ಗೊಂಚಲು ಎತ್ತಿಕೊಂಡು ಬಿಡಿಸತೊಡಗಿದ. ಗೊಂಚಲು ಖಾಲಿಯಾದ ಮೇಲೆ ಅವನೇ ಹೇಳಿದ, “ಹಗ್ಗದ್ ಮಾತು ನಂಗೆ ಅವತ್ತೇ ಗೊತ್ತಾಯ್ತು ಮಾರಾಯ. ನಿನ್ ಜಾಗ್ದಲ್ಲಿ ನಾನಿದ್ರೂ ಹಂಗೇ ಹೇಳ್ತಿದ್ನೇನೋ. ಅದ್ಕೆ ಬೇಜಾರಿಲ್ಲ. ಆಸ್ಪತ್ರೇಲಿ ಒಂದೂವರೆ ತಿಂಗ್ಳು ಮಲ್ಗಿದ್ನಲ್ಲ, ದಿನಾ ಮಧ್ಯಾಹ್ನದ್ ಬಸ್ಸು ಬಂದಾಗ ಬಾಗ್ಲು ನೋಡ್ತಿದ್ದೆ, ಮಂಜಣ್ಣ ಬರ್ತಾನೆ ಅಂತ. ಒಂದ್ಸಲನೂ ಬರ್ಲಿಲ್ವಲ್ಲೋ ನೀನು.”